ಮುಳ್ಳು ನೋಡದ ಕೈಗಳು

ಒತ್ತಡದ ಬಗ್ಗೆ ತಪ್ಪು ತಿಳಿಯಲು ರಾಯಚೂರು ಹತ್ತಿರದ ಶಕ್ತಿನಗರದವರಿಗೆ ನೆಪವೇ ಇಲ್ಲ. 1985ರಲ್ಲಿ ಕೃಷ್ಣೆಯ ದಂಡೆಯ ಮೇಲೆ ಇಲ್ಲಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದಾಗಿನಿಂದ ಈ ಊರು ಉಂಡದ್ದು ಉಟ್ಟದ್ದೆಲ್ಲ ಹಬೆಯ ಒತ್ತಡದ ಪುಣ್ಯದಿಂದ. 210 ಮೆಗಾವ್ಯಾಟಿನ ಏಳು ಘಟಕ, 250ರದೊಂದು, ಕೂಡಿ 1720 ಮೆಗಾವ್ಯಾಟ್. 210ರ ಘಟಕದ ಟರ್ಬೈನಿಗೆ ಹೋಗುವ ಹಬೆಯ ಒತ್ತಡ ಸುಮಾರು 150 ಕೆಜಿ. ಅಂದರೆ ಒಂದು ಚದರ ಸೆಂಟಿಮೀಟರ್, ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದೂವರೆ ಕ್ವಿಂಟಾಲ್ ಭಾರ. ನನ್ನ ನೌಕರಿಯ ಬಹುಪಾಲು ಅಂಥ ಒತ್ತಡ ತೋರಿಸುವ ಗೇಜುಗಳ ಮುಳ್ಳು ಸರಿಪಡಿಸುವುದರಲ್ಲೇ ಕಳೆಯಿತು. ಅಷ್ಟು ವರ್ಷಗಳಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತ ಯಾರ ಬಾಯಲ್ಲೂ "ಲೋಡು ಬೇಕು, ಒತ್ತಡ ಏರಿಸಿ" ಎಂಬ ಮಾತು ಕೇಳಲಿಲ್ಲ. ಲೋಡು ಬೇಕಾದರೆ ಟರ್ಬೈನಿನ ವಾಲ್ವು ಇನ್ನಷ್ಟು ತೆರೆಯುತ್ತದೆ, ಬಾಯ್ಲರಿನಲ್ಲಿ ಕಲ್ಲಿದ್ದಲು ಇನ್ನಷ್ಟು ಉರಿಯುತ್ತದೆ. ಮುಳ್ಳು ತನ್ನ ಜಾಗ ಬಿಡದಂತೆ ಕಾಯುವುದೇ ಡ್ಯೂಟಿ.

ಗೇಟು ದಾಟಿ ಹೊರಗೆ ಬಂದರೆ ಬೇರೆಯೇ ಶಾಸ್ತ್ರ. ಹಳೇ ಜೀಪು, ಜಿಪ್ಸಿಗಳಿಗೆ ಬೇರೆ ಎಂಜಿನ್ ಕೂರಿಸಿ ಗುಡ್ಡ, ಹಳ್ಳ, ಎರಿ ಹೊಲದ ಕೆಸರಿನಲ್ಲಿ ಓಡಿಸುವ ಹುಡುಗರು ನಮ್ಮ ಕಡೆಯೂ ಇದ್ದಾರೆ. ಅವರ ಗಾಡಿಗೆ ಏನೇ ಆಗಲಿ, ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ. ಏರು ಹತ್ತುತ್ತಿಲ್ಲವೇ? "ಪ್ರೆಷರ್ ಏರಿಸ್ರಿ." ಬಿಸಿಲಿಗೆ ನಿಂತುಬಿಡುತ್ತದೆಯೇ? "ಪ್ರೆಷರ್ ಸಾಲವಲ್ದು." ಗಾಡಿ ವಾಲಿದಾಗ ಮಿಸ್ ಹೊಡೆಯುತ್ತದೆಯೇ? "ದೊಡ್ಡ ಪಂಪ್ ಹಾಕ್ರಿ, ಪ್ರೆಷರ್ ತಾನೇ ಬರ್ತದ." ಯಾವ ರೋಗಕ್ಕೂ ಒಂದೇ ಸೂಜಿ. ರಾಯಚೂರಿನ ಗ್ಯಾರೇಜುಗಳಿಗಷ್ಟೇ ಸೀಮಿತವಾದ ನಂಬಿಕೆಯೂ ಇದಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ಜೀಪಿನವರಿಂದ ಹಿಡಿದು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸುರಿದು ಗಾಡಿ ಕಟ್ಟಿಸುವವರವರೆಗೆ ಇದೇ ಮಾತು ಕೇಳಿದ್ದೇನೆ. ಇಂಧನದ ಒತ್ತಡವೆಂದರೆ ಶಕ್ತಿ, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಈ ನಂಬಿಕೆ ತಪ್ಪು. ಅದು ಎಂಜಿನ್ ಕೆಡಿಸುತ್ತದೆ, ಹಣ ಕಳೆಯುತ್ತದೆ, ಮತ್ತು ಗಾಡಿಗೆ ಬೆಂಕಿ ಹತ್ತುವ ದಾರಿಯನ್ನು ನಾವೇ ಕೈಯಾರೆ ಮಾಡಿಕೊಡುವಂತೆ ಮಾಡುತ್ತದೆ.

ನಂಬಿಕೆಯ ಬೇರು ಎಲ್ಲಿದೆ ಅಂತ ಹುಡುಕಿದರೆ ಮಿಸ್ತ್ರಿಗಳ ಮೇಲೆ ಸಿಟ್ಟು ಬರುವುದಿಲ್ಲ. ನಮ್ಮ ಮಿಸ್ತ್ರಿಗಳು ಕೈ ಪಳಗಿಸಿಕೊಂಡದ್ದು ಟ್ರ್ಯಾಕ್ಟರ್, ಲಾರಿ ಮತ್ತು ಪ್ಯೂಜೋ ಎಂಜಿನ್ನಿನ ಮಹೀಂದ್ರ ಜೀಪಿನ ಮೇಲೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಡೀಸೆಲ್ ಪಂಪು ಈ ನಾಡಿನ ಎರಡು ಮೂರು ತಲೆಮಾರಿನ ಮೆಕ್ಯಾನಿಕ್‌ಗಳಿಗೆ ಶಾಲೆಯಾಗಿತ್ತು. ಆ ಪಂಪಿನ ಸೀಲು ಒಡೆದು ಸ್ಕ್ರೂ ಅರ್ಧ ಸುತ್ತು ತಿರುವಿದರೆ ಎಳೆತ ನಿಜವಾಗಿ ಹೆಚ್ಚುತ್ತಿತ್ತು, ಹಿಂದೆ ಕರಿಹೊಗೆ ಬರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು "ಪ್ರೆಷರ್ ಏರಿಸೋದು". ಆ ಸ್ಕ್ರೂ ಏರಿಸುತ್ತಿದ್ದದ್ದು ಒಂದೊಂದು ಸಲಕ್ಕೆ ಬೀಳುವ ಡೀಸೆಲ್ಲಿನ ಪ್ರಮಾಣವನ್ನು. ನಾಝಲ್ ತೆರೆಯುವ ಒತ್ತಡ ಅದರೊಳಗಿನ ಸ್ಪ್ರಿಂಗಿನದು, ಅದನ್ನು ಪಂಪ್ ರೂಮಿನವರು ಟೆಸ್ಟರ್‌ಗೆ ಹಾಕಿ ಗೇಜು ನೋಡಿಯೇ ಕೂಡಿಸುತ್ತಿದ್ದರು, ಈಗಲೂ ಕೂಡಿಸುತ್ತಾರೆ. ಅಂದರೆ ಅಳೆದು ಕೆಲಸ ಮಾಡುವ ಪದ್ಧತಿ ನಮ್ಮಲ್ಲೇ ಇತ್ತು. ಪೆಟ್ರೋಲ್ ಇಂಜೆಕ್ಷನ್ ಬಂದಾಗ ಹೆಸರು ಮಾತ್ರ ಅಲ್ಲಿಂದ ಬಂತು, ಗೇಜು ಅಲ್ಲೇ ಉಳಿಯಿತು.

ನನ್ನ ಅಕ್ಕನ ಮಗನ ಹತ್ತಿರ ಒಂದು ಜಿಪ್ಸಿ ಇದೆ. ಮಾರುತಿ ಕಂಪನಿ ಜಿಪ್ಸಿಯನ್ನು 1985ರಲ್ಲಿ 970 ಸಿಸಿಯ ಕಾರ್ಬೋರೇಟರ್ ಎಂಜಿನ್ ಹಾಕಿ ಬಿಟ್ಟಿತು, 1996ರಲ್ಲಿ 1298 ಸಿಸಿಯ ಎಂಜಿನ್ ಬಂತು, 2000ದಲ್ಲಿ ಅದಕ್ಕೇ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಬಂದು ಶಕ್ತಿ 80 ಅಶ್ವಶಕ್ತಿಗೆ ಏರಿತು. ಹುಡುಗ ಕೊಂಡದ್ದು ಹಳೇ ಕಾರ್ಬೋರೇಟರ್ ಬಾಡಿ, ಕೂರಿಸಿದ್ದು ಎಂಪಿಎಫ್‌ಐ ಎಂಜಿನ್. ಒಂದೇ ಮನೆತನದ ಎಂಜಿನ್, ಮೌಂಟಿಂಗ್ ಕೂತಿತು, ಗೇರ್‌ಬಾಕ್ಸ್ ಕೂತಿತು. ಎಲ್ಲರೂ ಭೇಷ್ ಅಂದರು. ಎಂಜಿನ್ ಬದಲಿಸಿದಾಗ ಅದಕ್ಕೆ ಎಣ್ಣೆ ಉಣಿಸುವ ಇಡೀ ವ್ಯವಸ್ಥೆಯೂ ಬದಲಾಗಬೇಕು ಅನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಕಾರ್ಬೋರೇಟರಿಗೆ ಬೇಕಾದದ್ದು ಕಾಲು ಕೆಜಿಯಷ್ಟು ಒತ್ತಡ. ಅದಕ್ಕಿಂತ ಜಾಸ್ತಿಯಾದರೆ ಫ್ಲೋಟಿನ ಸೂಜಿ ತಡೆಯದೆ ಉಕ್ಕಿ ಹರಿಯುತ್ತದೆ. ಎಂಪಿಎಫ್‌ಐಗೆ ಬೇಕಾದದ್ದು ಮೂರು ಕೆಜಿಯ ಆಸುಪಾಸು, ಹತ್ತು ಹನ್ನೆರಡು ಪಟ್ಟು. ಟ್ಯಾಂಕು, ಪೈಪು, ರಬ್ಬರು, ಕ್ಲಿಪ್ಪು, ವೈರು ಎಲ್ಲವೂ ಕಾಲು ಕೆಜಿಯ ಕಾಲದವು.

ಗಾಡಿ ಏರಿನಲ್ಲಿ ಸಾಯತೊಡಗಿತು. ಗ್ಯಾರೇಜಿನಲ್ಲಿ ಗಂಟೆಗೆ 255 ಲೀಟರ್ ತಳ್ಳುವ ಪಂಪು ಹಾಕಿದರು, ತಿರುವಿ ಏರಿಸುವ ರೆಗ್ಯುಲೇಟರ್ ಹಾಕಿದರು. ಮತ್ತೂ ಸತ್ತಿತು. ಇನ್ನೊಂದು ಸುತ್ತು ತಿರುವಿದರು. ಹೀಗೆ ಮೂರು ಸಲ ಆದ ಮೇಲೆ ಹುಡುಗ ನನ್ನ ಹತ್ತಿರ ಬಂದು, "ಮಾಮಾ, ಎಂಜಿನ್ನ ಸರಿ ಇಲ್ಲಂತ, ಬೇರೆ ತರಬೇಕಂತ" ಅಂದ. ಪ್ರೆಷರ್ ಎಷ್ಟಿದೆ ಅಂತ ಕೇಳಿದೆ. "ಜಾಸ್ತಿನೇ ಇಟ್ಟಾರ." ಎಷ್ಟು ಅಂತ ಮತ್ತೆ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ಏರಿಸಿದವರಿಗೂ ಗೊತ್ತಿರಲಿಲ್ಲ. ಮೂರು ಸಲ ತಿರುವಿದ ಕೈ ಒಂದು ಸಲವೂ ಮುಳ್ಳು ನೋಡಿರಲಿಲ್ಲ. ನನಗೆ ಇವತ್ತಿಗೂ ಸಂಕಟ ಕೊಡುವುದು ಅದೇ.

ಇಂಜೆಕ್ಟರ್ ಅಂದರೇನು ಅನ್ನುವುದರಿಂದಲೇ ಶುರು ಮಾಡಬೇಕು. ಅದು ಒಂದು ಪುಟ್ಟ ವಾಲ್ವು. ಗಾಡಿಯ ಕಂಪ್ಯೂಟರ್ ಅದನ್ನು ಕೆಲವು ಮಿಲಿಸೆಕೆಂಡು ತೆರೆದು ಮುಚ್ಚುತ್ತದೆ. ಇಷ್ಟು ಹೊತ್ತು ತೆರೆದರೆ ಇಷ್ಟು ಪೆಟ್ರೋಲ್ ಬೀಳುತ್ತದೆ ಎಂಬ ಲೆಕ್ಕ ಅದರೊಳಗೆ ಬರೆದಿಟ್ಟಿದೆ, ಆ ಲೆಕ್ಕ ಒಂದು ಗೊತ್ತಾದ ಒತ್ತಡದ ಮೇಲೆ ನಿಂತಿದೆ. ಹಳೇ ಎಂಪಿಎಫ್‌ಐಗಳಲ್ಲಿ ಪೆಟ್ರೋಲಿನ ಒತ್ತಡ ನೋಡುವ ಸೆನ್ಸರ್ ಇರುವುದಿಲ್ಲ. ಕಂಪ್ಯೂಟರ್ ಒತ್ತಡವನ್ನು ನಂಬಿ ಕೂತಿರುತ್ತದೆ. ಗಂಜಿನಲ್ಲಿ ಹತ್ತಿ ತೂಗುವಾಗ ತಕ್ಕಡಿಯ ಕಲ್ಲನ್ನೇ ಬದಲಿಸಿಬಿಟ್ಟರೆ ಮುಂದಿನ ಎಲ್ಲ ಲೆಕ್ಕ ಹೇಗೆ ಸುಳ್ಳಾಗುತ್ತದೋ, ರೆಗ್ಯುಲೇಟರಿನ ಸ್ಕ್ರೂ ತಿರುವಿದಾಗ ಆಗುವುದು ಅದೇ.

ಹೋಗಲಿ, ತಿರುವಿದ್ದಕ್ಕೆ ಬರುವ ಫಲವಾದರೂ ಎಷ್ಟು? ವಾಲ್ವಿನ ಮೂಲಕ ಹರಿಯುವ ದ್ರವದ ಪ್ರಮಾಣ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಮೂರನ್ನು ನಾಲ್ಕು ಕೆಜಿಗೆ ಏರಿಸಿದರೆ ಪೆಟ್ರೋಲ್ ಹೆಚ್ಚುವುದು ನೂರಕ್ಕೆ ಹದಿನೈದು. ಎರಡು ಪಟ್ಟು ಪೆಟ್ರೋಲ್ ಬೇಕಾದರೆ ಒತ್ತಡ ನಾಲ್ಕು ಪಟ್ಟು, ಹನ್ನೆರಡು ಕೆಜಿ ಬೇಕು. ಆ ಪೈಪುಗಳು ಅದನ್ನು ತಾಳುವುದಿಲ್ಲ. ಇನ್ನು ಆ ಹದಿನೈದು ಪಾಲು ಪೆಟ್ರೋಲ್ ಹೋಗಿ ಮಾಡುವುದಾದರೂ ಏನು? ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇದೆ. ಸಾಧಾರಣ ಓಟದಲ್ಲಿ ಸೈಲೆನ್ಸರಿನ ಆಕ್ಸಿಜನ್ ಸೆನ್ಸರ್ "ಜಾಸ್ತಿಯಾಯಿತು" ಅಂತ ವರದಿ ಕೊಡುತ್ತದೆ, ಕಂಪ್ಯೂಟರ್ ಇಂಜೆಕ್ಟರ್ ತೆರೆಯುವ ಹೊತ್ತನ್ನು ಕಡಿಮೆ ಮಾಡಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ನೀವು ಏರಿಸಿದ್ದನ್ನು ಅದು ಇಳಿಸಿತು, ಅಷ್ಟೇ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕಂಪ್ಯೂಟರ್ ಆ ಸೆನ್ಸರಿನ ಮಾತು ಕೇಳುವುದಿಲ್ಲ. ಆಗ ಹೆಚ್ಚುವರಿ ಪೆಟ್ರೋಲ್ ಉರಿಯದೆ ಉಳಿದು ಸಿಲಿಂಡರಿನ ಗೋಡೆಯ ಆಯಿಲ್ ತೊಳೆಯುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಆಯಿಲ್ ಚೇಂಬರಿಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. "ಪಿಕಪ್ ಬಂತು" ಅಂತ ಅನಿಸುವುದು ಏಕೆ ಎಂದರೆ, ಅಂಥ ಗಾಡಿಗಳಲ್ಲಿ ಮೊದಲೇ ಒತ್ತಡ ಎಲ್ಲೋ ಸೋರಿ ಕಡಿಮೆಯಾಗಿರುತ್ತದೆ. ಏರಿಸಿದಾಗ ಇರಬೇಕಾದ ಜಾಗದ ಹತ್ತಿರಕ್ಕೆ ಬಂದಿರುತ್ತದೆ. ಸೋರಿಕೆ ಹಾಗೇ ಉಳಿದಿರುತ್ತದೆ.

ಕಡಿಮೆಯಾದಾಗಿನ ಪೆಟ್ಟು ಇನ್ನೂ ದೊಡ್ಡದು. ಏರಿನಲ್ಲಿ ಎಂಜಿನ್ ದುಡಿಯುತ್ತಿರುವಾಗ ಮೂರು ಕೆಜಿ ಎರಡಕ್ಕೆ ಕುಸಿದರೆ ಪೆಟ್ರೋಲ್ ನೂರಕ್ಕೆ ಹದಿನೆಂಟು ಪಾಲು ಕಡಿಮೆ ಬೀಳುತ್ತದೆ. ಗಾಳಿ ಅಷ್ಟೇ, ಪೆಟ್ರೋಲ್ ಕಡಿಮೆ. ಎಂಜಿನ್ ನಾಕ್ ಹೊಡೆದು ಪಿಸ್ಟನ್ ಕರಗುವುದು ಹೀಗೆ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಗಾಡಿ ಅತಿ ಕಷ್ಟದಲ್ಲಿರುವ ಕ್ಷಣದಲ್ಲಿ ಮುಳ್ಳು ಎಲ್ಲಿ ನಿಂತಿದೆ? ಗ್ಯಾರೇಜಿನಲ್ಲಿ ನಿಲ್ಲಿಸಿದಾಗಿನ ಒತ್ತಡ ಇದಕ್ಕೆ ಉತ್ತರ ಕೊಡುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಗೇಜು ಕೊಂಡವರೂ ಎಡವುವುದು ಇಲ್ಲೇ. ಎಂಜಿನ್ ಸ್ಲೋ ಮೇಲೆ ಇದ್ದಾಗ ಮ್ಯಾನಿಫೋಲ್ಡಿನೊಳಗೆ ಎಳೆತ ಇರುತ್ತದೆ, ಹೊರಗಿನ ಗಾಳಿಗಿಂತ ಅರ್ಧ ಕೆಜಿಗೂ ಮೇಲೆ ಕಡಿಮೆ ಒತ್ತಡ. ಇಂಜೆಕ್ಟರಿನ ಮೂತಿ ಇರುವುದು ಆ ಎಳೆತದೊಳಗೆ. ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ ಒಂದು ತೆಳು ರಬ್ಬರ್ ಪೈಪು ಹೋಗಿರುತ್ತದಲ್ಲ, ಅದರ ಕೆಲಸ ಈ ಎಳೆತವನ್ನು ಲೆಕ್ಕಕ್ಕೆ ಹಿಡಿದು ಇಂಜೆಕ್ಟರಿನ ಆ ಬದಿ ಈ ಬದಿಯ ಒತ್ತಡದ ಅಂತರ ಯಾವಾಗಲೂ ಮೂರೇ ಇರುವಂತೆ ನೋಡಿಕೊಳ್ಳುವುದು. ಅದಕ್ಕೇ ಸ್ಲೋದಲ್ಲಿ ಗೇಜು 2.4 ತೋರಿಸುತ್ತದೆ, ಆ ತೆಳು ಪೈಪು ಕಿತ್ತರೆ 3ಕ್ಕೆ ಹಾರುತ್ತದೆ. ಇದು ಆರೋಗ್ಯದ ಲಕ್ಷಣ. 2.4 ನೋಡಿ "ಕಮ್ಮಿ ಅದ" ಅಂತ 3ಕ್ಕೆ ತಿರುವಿದವನ ಗಾಡಿ, ಆಕ್ಸಿಲರೇಟರ್ ತುಳಿದಾಗ 3.6ರಲ್ಲಿ ಓಡುತ್ತದೆ. ಎಂಜಿನ್ ಬದಲಿಸಿದ ಗಾಡಿಗಳಲ್ಲಿ ಆ ಪೈಪು ತಪ್ಪು ತೂತಿಗೆ ಸೇರಿರುವುದನ್ನು, ಇಲ್ಲವೇ ಸೇರದೆ ಜೋತಾಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಮ್ಮ ಕೇಂದ್ರದಲ್ಲಿ ಬಾಯ್ಲರಿಗೆ ನೀರು ಬಿಡುವ ಕಂಟ್ರೋಲ್ ವಾಲ್ವಿನ ಎರಡೂ ಬದಿಯ ಒತ್ತಡದ ಅಂತರವನ್ನು ಇದೇ ಕಾರಣಕ್ಕೆ ಕಾಯುತ್ತಾರೆ: ಅಂತರ ಸ್ಥಿರವಾಗಿದ್ದರೆ ಮಾತ್ರ ವಾಲ್ವು ಇಷ್ಟು ತೆರೆದರೆ ಇಷ್ಟು ನೀರು ಎಂಬ ಲೆಕ್ಕ ಉಳಿಯುತ್ತದೆ. ಅಲ್ಲಿ ಅದು ಎಂಟು ತಾಸಿನ ಶಿಫ್ಟಿನ ಪಾಠ. ಇಲ್ಲಿ ಬಾನೆಟ್ಟಿನ ಕೆಳಗೆ ಅದೇ ಪಾಠ ಏಕೆ ಮರೆತುಹೋಗುತ್ತದೋ.

ಈಗ ದೊಡ್ಡ ಪಂಪಿನ ಮಾತು. 80 ಅಶ್ವಶಕ್ತಿಯ ಎಂಜಿನ್ ಜೀವ ಬಿಟ್ಟು ದುಡಿದರೂ ಗಂಟೆಗೆ ಕುಡಿಯುವುದು 25 ಲೀಟರಿನ ಆಸುಪಾಸು. ಸ್ಲೋದಲ್ಲಿ ಒಂದು ಲೀಟರ್. 255 ಲೀಟರ್ ತಳ್ಳುವ ಪಂಪು ಹಾಕಿದರೆ ಸ್ಲೋದಲ್ಲಿ 254 ಲೀಟರ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಬೇಕು. ಹಳೇ ಗಾಡಿಯ ಆ ಪೈಪು ಬೆಂಡೆಕಾಯಿ ದಪ್ಪವೂ ಇರುವುದಿಲ್ಲ. ರೆಗ್ಯುಲೇಟರ್ ತೆರೆದುಕೊಂಡೇ ಇದ್ದರೂ ಪೈಪು ಅಷ್ಟನ್ನು ನುಂಗಲಾರದೆ ಒತ್ತಡ ತಾನಾಗಿ ಏರುತ್ತದೆ. ಅಕ್ಕನ ಮಗನ ಜಿಪ್ಸಿಗೆ ನಾನು ಗೇಜು ಹಚ್ಚಿದಾಗ ಸ್ಲೋದಲ್ಲಿ 3.6 ಇತ್ತು, ರೆಗ್ಯುಲೇಟರನ್ನು ಪೂರ್ತಿ ಸಡಿಲ ಬಿಟ್ಟರೂ ಕೆಳಗೆ ಇಳಿಯಲಿಲ್ಲ. 40 ಲೀಟರಿನ ಟ್ಯಾಂಕಿನ ಪೆಟ್ರೋಲೆಲ್ಲ ಹತ್ತು ನಿಮಿಷಕ್ಕೊಮ್ಮೆ ಬಿಸಿ ಎಂಜಿನ್ನಿನ ಹತ್ತಿರ ಹೋಗಿ ಸುತ್ತಿ ಬರುತ್ತಿತ್ತು. ನಮ್ಮ ಬಿಸಿಲಿನಲ್ಲಿ ಟ್ಯಾಂಕನ್ನೇ ಒಲೆಯ ಮೇಲಿಟ್ಟ ಹಾಗೆ.

ಇನ್ನು ಕೆಲವರು ರಿಟರ್ನ್ ಪೈಪನ್ನು ಇಕ್ಕಳದಿಂದ ಅರ್ಧ ಒತ್ತಿ, ಇಲ್ಲವೇ ಒಳಗೊಂದು ಸಣ್ಣ ತೂತಿನ ತುಂಡು ಕೂರಿಸಿ "ಪ್ರೆಷರ್ ಕಟ್ಟುತ್ತಾರೆ". ಈ ಕೆಲಸ ಯಾರು ಮಾಡಿದರೂ ಅವರ ಕೈ ಹಿಡಿದು ತಡೆಯಬೇಕು. ಕೇಂದ್ರದಲ್ಲಿ ಬಾಯ್ಲರ್ ಫೀಡ್ ಪಂಪಿನಿಂದ ನೀರು ಮರಳಿ ಹೋಗಲು ಒಂದು ದಾರಿ ಸದಾ ತಯಾರಿರುತ್ತದೆ. ಬಾಯ್ಲರಿಗೆ ನೀರು ಬೇಡವಾದಾಗ ಆ ದಾರಿ ತೆರೆಯಲೇಬೇಕು. ಮುಚ್ಚಿದ್ದರೆ ಪಂಪಿನೊಳಗಿನ ನೀರು ಕಾಯ್ದು ಆವಿಯಾಗಿ ಪಂಪು ಒಳಗೊಳಗೇ ಕೊರೆದುಹೋಗುತ್ತದೆ. ಪೆಟ್ರೋಲ್ ಪಂಪಿಗೂ ಅದೇ ಗತಿ. ಆ ಪಂಪನ್ನು ತಣ್ಣಗಿಡುವುದು ಅದರೊಳಗೆ ಹರಿಯುವ ಪೆಟ್ರೋಲೇ. ಹರಿವು ಕಟ್ಟಿ ಒತ್ತಡ ಏರಿಸಿದರೆ ಪಂಪು ಹೆಚ್ಚು ಕರೆಂಟ್ ಎಳೆಯುತ್ತದೆ, ಕಡಿಮೆ ಪೆಟ್ರೋಲ್ ತಳ್ಳುತ್ತದೆ, ಕಾಯುತ್ತದೆ. ಕರೆಂಟಿನ ಮಾತು ಬಂತು: ಆ ಜಿಪ್ಸಿಯಲ್ಲಿ ಪಂಪಿನ ಬಾಯಲ್ಲಿ ವೋಲ್ಟ್ ಅಳೆದರೆ 10.8 ಇತ್ತು, ಬ್ಯಾಟರಿಯಲ್ಲಿ 13.6. ಹಳೇ ತೆಳು ವೈರು, ತುಕ್ಕು ಹಿಡಿದ ಅರ್ತು. ದೊಡ್ಡ ಪಂಪಿಗೆ ಕೊಟ್ಟ ದುಡ್ಡಿನಲ್ಲಿ ಒಂದು ರಿಲೇ ಮತ್ತು ಎರಡು ಗಜ ದಪ್ಪ ವೈರು ಹತ್ತು ಸಲ ಬರುತ್ತಿತ್ತು.

ಬಿಸಿಲಿನ ವಾದ ಇದೆಯಲ್ಲ, ಅದು ಕೇಳಲು ಸರಿ ಅನಿಸುತ್ತದೆ. ರಾಯಚೂರಿನ ಮೇ ತಿಂಗಳು 42, 43 ಡಿಗ್ರಿ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯತೊಡಗುತ್ತವೆ. ಒತ್ತಡ ಹೆಚ್ಚಾದರೆ ಕುದಿಯುವ ಬಿಂದು ಮೇಲೇರುತ್ತದೆ. ಹಾಗಾಗಿ ಒತ್ತಡ ಏರಿಸಬೇಕು. ಮೊದಲ ಮೂರು ಮಾತೂ ನಿಜ. ನಾಲ್ಕನೆಯದು ತಪ್ಪು. ಪಂಪಿನಿಂದ ಮುಂದೆ, ಮೂರು ಕೆಜಿ ಒತ್ತಡದಲ್ಲಿರುವ ಪೆಟ್ರೋಲ್ ಓಡುವ ಗಾಡಿಯ ಬಾನೆಟ್ಟಿನ ಬಿಸಿಗೆ ಕುದಿಯುವುದಿಲ್ಲ. ಕುದಿಯುವುದು ಪಂಪಿನ ಹಿಂದೆ, ಪಂಪು ಎಳೆದುಕೊಳ್ಳುವ ಬದಿಯಲ್ಲಿ. ಅಲ್ಲಿ ಎಳೆತದಿಂದಾಗಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ, ಕುದಿಯುವ ಬಿಂದುವೂ ಕಡಿಮೆ. ಈ ಪಂಪುಗಳಿಗೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಪಂಪನ್ನು ಟ್ಯಾಂಕಿನ ತಳಕ್ಕಿಂತ ಮೇಲೆ, ಸೈಲೆನ್ಸರಿನ ಮಗ್ಗುಲಲ್ಲಿ, ತೆಳು ಪೈಪಿನ ತುದಿಯಲ್ಲಿ ಕೂರಿಸಿ, ಮುಂದಿನ ಬದಿಯ ಒತ್ತಡವನ್ನು ಎಷ್ಟು ತಿರುವಿದರೂ ಹಿಂದಿನ ಬದಿಯಲ್ಲಿ ಹುಟ್ಟುವ ಗುಳ್ಳೆ ಹೋಗುವುದಿಲ್ಲ. ಹಳೇ ಅಂಬಾಸಿಡರ್ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಅವರಿಗೆ ರೋಗದ ಜಾಗವಾದರೂ ಗೊತ್ತಿತ್ತು.

ಗಾಡಿ ನಿಲ್ಲಿಸಿ ಚಹಾ ಕುಡಿದು ಬಂದರೆ ಸ್ಟಾರ್ಟ್ ಆಗುವುದಿಲ್ಲ ಎಂಬುದು ಬೇರೆ ಸಂಗತಿ. ಪಂಪಿನೊಳಗಿನ ಹಿಂದಿರುಗದಂತೆ ತಡೆಯುವ ವಾಲ್ವು ಸೋರಿ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೈಲಿನ ಒತ್ತಡ ಇಳಿದಿರುತ್ತದೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಆವಿಯಾಗಿರುತ್ತದೆ. ಕೀಲಿಯನ್ನು ಆನ್ ಮಾಡಿ ಎರಡು ಮೂರು ಸೆಕೆಂಡು ಕಾದು, ಆಫ್ ಮಾಡಿ, ಹೀಗೆ ಎರಡು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆದರೆ ಹತ್ತುತ್ತದೆ. ಕಾಯಂ ಪರಿಹಾರ ಆ ವಾಲ್ವು.

ಈಚೆಗೆ ಒತ್ತಡ ಏರಿಸುವುದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಎಥೆನಾಲಿಗೆ ಗಾಳಿ ಕಡಿಮೆ ಸಾಕು, ಹಾಗಾಗಿ ಅದೇ ಗಾಳಿಗೆ ಪೆಟ್ರೋಲ್ ನೂರಕ್ಕೆ ಏಳೆಂಟು ಪಾಲು ಹೆಚ್ಚು ಬೇಕು, ಲೆಕ್ಕ ಸರಿಯೇ. ಅಷ್ಟನ್ನು ಆಕ್ಸಿಜನ್ ಸೆನ್ಸರ್ ನೆಟ್ಟಗಿರುವ ಎಂಜಿನ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಎಥೆನಾಲ್ ನಿಜವಾಗಿ ಕೆಡಿಸುವುದು ಹಳೇ ರಬ್ಬರನ್ನು. "ಹೊಸ ಪೆಟ್ರೋಲಿಗೆ ಅರ್ಧ ಕೆಜಿ ಜಾಸ್ತಿ" ಅಂತ ಒತ್ತಡ ಏರಿಸಿ ಅದೇ ಮೆತ್ತಗಾದ ರಬ್ಬರಿಗೆ ಬಿಡುವವರು ಯಾವುದನ್ನು ಯಾವುದರ ಮೇಲೆ ಹೇರುತ್ತಿದ್ದೇವೆ ಅಂತ ಯೋಚಿಸಬೇಕು.

ಆ ಜಿಪ್ಸಿ ಏರಿನಲ್ಲಿ ಸಾಯುತ್ತಿದ್ದದ್ದು ಏಕೆಂದು ಗೊತ್ತಾಗಿದ್ದು ಒಂದು ಭಾನುವಾರ ಬೆಳಿಗ್ಗೆ. ಗೇಜಿಗೆ ಉದ್ದ ಪೈಪು ಹಾಕಿ ಗಾಜಿನ ಹೊರಗೆ ಟೇಪಿನಿಂದ ಅಂಟಿಸಿದೆವು. ಮಲಿಯಾಬಾದ್ ಕಡೆಯ ಬಂಡೆಗಳ ನಡುವೆ ಒಂದು ಏರು, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್. ಸಮ ನೆಲದಲ್ಲಿ 3.6. ಮುಂದಿನ ಗಾಲಿ ಬಂಡೆ ಹತ್ತಿ ಮೂತಿ ಮೇಲಾಯಿತು. ಮುಳ್ಳು ನಡುಗಿತು. ಮೂರು, ಒಂದೂವರೆ, ಅರ್ಧ, ಸೊನ್ನೆ, ಎಂಜಿನ್ ಬಂದ್. ಹಿಂದಕ್ಕೆ ಉರುಳಿಸಿ ಸಮಕ್ಕೆ ತಂದೆವು, ಮತ್ತೆ 3.6. ಟ್ಯಾಂಕಿನೊಳಗೆ ಪೆಟ್ರೋಲ್ ಒಂದು ಮೂಲೆಗೆ ಓಡಿ, ಎಳೆಯುವ ಪೈಪಿನ ಬಾಯಿ ಬಯಲಾಗಿ, ಪಂಪು ಗಾಳಿ ಕುಡಿಯುತ್ತಿತ್ತು. ಗಾಳಿಯನ್ನು ಐದು ಕೆಜಿಗೆ ತಿರುವಿದರೂ ಅದು ಗಾಳಿಯೇ. ಮೂರು ಸಲ ಏರಿಸಿದ್ದು, ಪಂಪು ಬದಲಿಸಿದ್ದು, ಬೇರೆ ಎಂಜಿನ್ ತರಿಸಬೇಕೆಂದದ್ದು, ಎಲ್ಲಕ್ಕೂ ಆ ಒಂದು ನಿಮಿಷದ ನೋಟ ಉತ್ತರ ಕೊಟ್ಟಿತು. ಆ ನೋಟಕ್ಕೆ ಬೇಕಾದ ಗೇಜಿನ ಬೆಲೆ ಒಂದು ಟ್ಯಾಂಕು ಪೆಟ್ರೋಲಿನಷ್ಟೂ ಇಲ್ಲ.

ಪರಿಹಾರವೂ ನಮ್ಮ ಕೇಂದ್ರದಲ್ಲೇ ನಿಂತಿದೆ, ದಿನಾ ನೋಡಿ ನೋಡಿ ನಮಗೆ ಕಾಣದಂತಾಗಿದೆ. ಫೀಡ್ ಪಂಪಿಗೆ ನೀರು ಕೊಡುವ ಡಿಎರೇಟರ್ ತೊಟ್ಟಿಯನ್ನು ಎತ್ತರದಲ್ಲಿ ಕಟ್ಟಿರುತ್ತಾರೆ, ನಡುವೆ ಬೂಸ್ಟರ್ ಪಂಪು ಇರುತ್ತದೆ. ದೊಡ್ಡ ಪಂಪಿನ ಬಾಯಿಗೆ ಯಾವತ್ತೂ ಗಾಳಿಯಾಗಲಿ ಆವಿಯಾಗಲಿ ಹೋಗಬಾರದು ಅಂತ. ಗಾಡಿಯಲ್ಲಿ ಅದರ ರೂಪ ಸರ್ಜ್ ಟ್ಯಾಂಕು, ಎರಡು ಲೀಟರಿನ ಎತ್ತರದ ಡಬ್ಬಿ. ಒಂದು ಸಣ್ಣ ಪಂಪು ದೊಡ್ಡ ಟ್ಯಾಂಕಿನಿಂದ ಅದನ್ನು ತುಂಬಿಸುತ್ತಲೇ ಇರುತ್ತದೆ, ಹೆಚ್ಚಾದದ್ದು ಮೇಲಿನ ಪೈಪಿನಿಂದ ಟ್ಯಾಂಕಿಗೆ ಮರಳುತ್ತದೆ. ಒತ್ತಡದ ಪಂಪು ಆ ಡಬ್ಬಿಯ ತಳದಿಂದ ಎಳೆಯುತ್ತದೆ, ಎಂಜಿನ್ನಿನ ರಿಟರ್ನ್ ಮತ್ತೆ ಡಬ್ಬಿಗೇ ಬರುತ್ತದೆ. ರಿಟರ್ನಿನ ಜಾಗ ಬಹಳ ಮುಖ್ಯ. ಡಬ್ಬಿಗೆ ಮರಳಿದರೆ ಎಂಜಿನ್ ಕುಡಿದಷ್ಟೇ ಖರ್ಚು. ಪೂರ್ತಿ ದುಡಿತದಲ್ಲೂ ಎರಡು ಲೀಟರ್ ನಾಲ್ಕು ನಿಮಿಷಕ್ಕೂ ಮೇಲೆ ಬರುತ್ತದೆ, ಯಾವ ಬಂಡೆ ಏರಿಗೂ ಸಾಕು. ಅದೇ ರಿಟರ್ನನ್ನು ದೊಡ್ಡ ಟ್ಯಾಂಕಿಗೆ ಬಿಟ್ಟರೆ ಆ 255 ಲೀಟರಿನ ಪಂಪು ಡಬ್ಬಿಯನ್ನು ಅರ್ಧ ನಿಮಿಷದೊಳಗೆ ಬರಿದು ಮಾಡುತ್ತದೆ. ಡಬ್ಬಿ ಹಾಕಿಸಿಯೂ "ಏನೂ ಉಪಯೋಗ ಆಗಲಿಲ್ಲ" ಅನ್ನುವವರ ಗಾಡಿಯಲ್ಲಿ ಮೊದಲು ಈ ಪೈಪು ನೋಡಿ.

ಡೀಸೆಲ್ಲಿನವರು ಇದು ತಮಗೆ ಸಂಬಂಧಿಸಿದ್ದಲ್ಲ ಅಂತ ತಿಳಿಯಬಾರದು. ಸ್ಕಾರ್ಪಿಯೋದ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಎಂಜಿನ್ನನ್ನು ಹಳೇ ಜೀಪಿಗೆ ಕೂರಿಸಿದಾಗ ರೈಲಿನ ಒತ್ತಡ ಸಾವಿರ ಕೆಜಿ ದಾಟುತ್ತದೆ. ಅದನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅಳೆದು ಹಿಡಿದಿರುತ್ತದೆ. ಪೇಟೆಯಲ್ಲಿ ಮಾರುವ "ಪವರ್ ಬಾಕ್ಸ್"ಗಳಲ್ಲಿ ಹಲವು ಮಾಡುವುದು ಇಷ್ಟೇ: ಸೆನ್ಸರಿನ ವೈರಿನ ನಡುವೆ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡವಿದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಮುಳ್ಳನ್ನೇ ಸುಳ್ಳಾಗಿಸುವ ಈ ಕೆಲಸ ನನ್ನ ಕಸುಬಿನಲ್ಲಿ ಅತಿ ದೊಡ್ಡ ಅಪರಾಧ. ಇನ್ನೊಂದು ಕಡೆ, ಸ್ಕ್ಯಾನರಿನಲ್ಲಿ ಪಿ0087 ಎಂಬ ಕೋಡ್, ಅಂದರೆ ರೈಲಿನಲ್ಲಿ ಒತ್ತಡ ಕಡಿಮೆ ಎಂದು ಬಂದ ಕೂಡಲೇ ಹೈ ಪ್ರೆಷರ್ ಪಂಪು ಸತ್ತಿತು ಅಂತ ತೀರ್ಮಾನಿಸಿ ಸಾವಿರಾರು ರೂಪಾಯಿ ಕೀಳುತ್ತಾರೆ. ಹಳೇ ಜೀಪಿನ ತೆಳು ಸಕ್ಷನ್ ಪೈಪು, ಕಟ್ಟಿದ ಫಿಲ್ಟರ್, ಎಲ್ಲೋ ಏರ್ ಹಿಡಿಯುವ ಒಂದು ಕ್ಲಿಪ್ಪು, ಇವನ್ನು ನೋಡಿದ ಮೇಲೆ ಪಂಪಿನ ಮಾತು. ಮತ್ತು ಓಡುವ ಸಿಆರ್‌ಡಿಇ ಎಂಜಿನ್ನಿನಲ್ಲಿ ಲೀಕು ಎಲ್ಲಿದೆ ಅಂತ ಬೆರಳಿಟ್ಟು ಹುಡುಕಲೇಬಾರದು. ಆ ಒತ್ತಡದ ಎಳೆ ಚರ್ಮ ಸೀಳಿ ಮಾಂಸದೊಳಗೆ ಡೀಸೆಲ್ ತುಂಬುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಬೆರಳು ಕತ್ತರಿಸುವ ಪರಿಸ್ಥಿತಿ ಬರಬಹುದು. ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಹೊಕ್ಕಿದೆ ಅಂತ ಬಾಯಿಬಿಟ್ಟು ಹೇಳಬೇಕು.

ಇನ್ನು ಬೆಂಕಿ. ನಾನು ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಪೆಟ್ರೋಲ್ ಪೈಪಿನ ಮೇಲೆ ಅಚ್ಚಾಗಿರುವ ಅಕ್ಷರ ಓದಿ. ಎಸ್‌ಎಇ 30ಆರ್7 ಅಂತ ಇದ್ದರೆ ಅದು ಕಾರ್ಬೋರೇಟರಿನ ಕಡಿಮೆ ಒತ್ತಡಕ್ಕೆ, ಹೆಚ್ಚೆಂದರೆ 50 ಪಿಎಸ್‌ಐ, ಅಂದರೆ ಮೂರೂವರೆ ಕೆಜಿ. 30ಆರ್9 ಅಂತ ಇದ್ದರೆ ಇಂಜೆಕ್ಷನ್ನಿಗೆ, 100 ಪಿಎಸ್‌ಐ. ಆ ಜಿಪ್ಸಿಯಲ್ಲಿ ಇದ್ದದ್ದು ಮೊದಲನೆಯದು, ಕೆಲವು ಕಡೆ ಅಕ್ಷರವೇ ಇಲ್ಲದ್ದು. ಅದರಲ್ಲಿ 3.6 ಕೆಜಿ. ಅದರ ಹಲ್ಲುಳ್ಳ ಕ್ಲಿಪ್ಪು ರಬ್ಬರನ್ನು ಕೊಯ್ಯುತ್ತಿತ್ತು. ಪೈಪು ಹಾದಿದ್ದು ಸೈಲೆನ್ಸರಿನಿಂದ ನಾಲ್ಕು ಬೆರಳು ದೂರ. ಪಂಪಿನ ವೈರನ್ನು ನೇರ ಕೀಲಿಗೆ ಕೊಟ್ಟಿದ್ದರು. ಕಂಪನಿಯವರು ಪಂಪಿನ ರಿಲೇಯನ್ನು ಕಂಪ್ಯೂಟರಿನ ಕೈಗೆ ಕೊಟ್ಟಿರುತ್ತಾರೆ. ಎಂಜಿನ್ ತಿರುಗುವುದು ನಿಂತರೆ ಎರಡು ಮೂರು ಸೆಕೆಂಡಿನಲ್ಲಿ ಪಂಪು ನಿಲ್ಲುತ್ತದೆ. ಕೀಲಿಗೆ ಕೊಟ್ಟ ಪಂಪು ನಿಲ್ಲುವುದಿಲ್ಲ. ಗಾಡಿ ಬಂಡೆಯಿಂದ ಉರುಳಿ ಮಗ್ಗುಲಾಯಿತು ಅನ್ನಿ, ಒಳಗೆ ಬೆಲ್ಟಿಗೆ ಸಿಕ್ಕಿಕೊಂಡ ಹುಡುಗ, ಕಿತ್ತ ಪೈಪು, ಕೆಂಪಗೆ ಕಾದ ಮ್ಯಾನಿಫೋಲ್ಡು. ಆ ಪಂಪು ನಿಮಿಷಕ್ಕೆ ನಾಲ್ಕು ಲೀಟರಿನ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪಿಕಪ್ಪಿಗಾಗಿ ಏರಿಸಿದ ಪ್ರತಿಯೊಂದು ಪಾಯಿಂಟೂ ಆ ಹೊತ್ತಿನಲ್ಲಿ ಅವನ ವಿರುದ್ಧ ದುಡಿಯುತ್ತದೆ. ನಮ್ಮ ಮನೆಯ ಹುಡುಗ ಅದರಲ್ಲಿ ಕೂತು ಎಂಟು ತಿಂಗಳು ಗುಡ್ಡ ಹತ್ತಿದ್ದ.

"ರೇಸಿನವರು ಏರಿಸುತ್ತಾರಲ್ಲ" ಅನ್ನುವ ಮಾತಿಗೆ ಒಂದೇ ಉತ್ತರ. ಹೌದು, ಏರಿಸುತ್ತಾರೆ. ಟರ್ಬೋ ಹಾಕಿ ಗಾಳಿ ಹೆಚ್ಚಿಸಿದ್ದಾಗ, ಇಂಜೆಕ್ಟರಿನ ಅಳತೆ ಗೊತ್ತಿದ್ದಾಗ, ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿ, ಗೇಜು ಕಣ್ಣೆದುರು ಇಟ್ಟುಕೊಂಡು ಏರಿಸುತ್ತಾರೆ. ಆ ನಾಲ್ಕೂ ಇದ್ದವರೊಂದಿಗೆ ನನಗೆ ತಕರಾರಿಲ್ಲ.

ಕಾನೂನಿನ ಮಾತನ್ನು ಬಿಟ್ಟು ಹೋಗಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಎಂದಾಯಿತು. ಎಂಜಿನ್ ಬದಲಿಸುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ ಏನಕ್ಕೆ ಅನುಮತಿ ಸಿಗುತ್ತದೆ ಕೇಳಿಕೊಳ್ಳಬೇಕು. ಕದ್ದು ಮಾಡಿದ ಕೆಲಸವನ್ನು ಯಾರೂ ಪರೀಕ್ಷಿಸುವುದಿಲ್ಲ. ರಬ್ಬರ್ ಪೈಪಿನ ಮೇಲಿನ ಅಕ್ಷರ ಓದುವವರಿಲ್ಲದೆ ಹೋದದ್ದು ಅದಕ್ಕೂ ಇರಬಹುದು.

ಜಿಪ್ಸಿಗೆ ಕಂಪನಿಯ ಅಳತೆಯ ಪಂಪು ಮರಳಿ ಬಂತು. ಮೂರು ಕೆಜಿಯ ಕಂಪನಿ ರೆಗ್ಯುಲೇಟರ್, ಎರಡು ಲೀಟರಿನ ಡಬ್ಬಿ, ದಪ್ಪ ರಿಟರ್ನ್, 30ಆರ್9 ಪೈಪು, ರಿಲೇ ಮತ್ತೆ ಕಂಪ್ಯೂಟರಿನ ಕೈಗೆ. ಪಂಪಿನ ಬಾಯಲ್ಲಿ 13.3 ವೋಲ್ಟ್. ಮೊದಲು ಪ್ರೆಷರ್ ಏರಿಸಿದ್ದ ಉಸ್ತಾದರನ್ನೇ ಕರೆದುಕೊಂಡು ಅದೇ ಏರಿಗೆ ಹೋದೆವು, ಟ್ಯಾಂಕಿನಲ್ಲಿ ಕಾಲು ಭಾಗವೇ ಇಟ್ಟುಕೊಂಡು. ಅವರು ಮಾತಾಡದೆ ಗಾಜಿನಾಚೆಯ ಗೇಜಿನ ಮೇಲೆ ಕಣ್ಣಿಟ್ಟು ಕೂತಿದ್ದರು. ಮೂತಿ ಮೇಲಾಯಿತು, ಗಾಲಿ ಕಲ್ಲು ಕಚ್ಚಿತು, ಮುಳ್ಳು 2.9ರಲ್ಲಿ ನಿಂತಿತ್ತು. ಮೇಲೆ ಹತ್ತಿ ನಿಲ್ಲಿಸಿದಾಗ ಅವರು ಕೇಳಿದ್ದು ಒಂದೇ: "ಈ ಗೇಜು ಎಲ್ಲಿ ಸಿಗ್ತದ್ರಿ ಸರ?"